‘ತಡೀರಿ’ ಅನ್ನದ ಯಂತ್ರ

ಮೊನ್ನೆ ಊಟಕ್ಕೆ ಕೂತಾಗ ಸಂಜನಾ ಕೇಳಿದಳು: “ಅಜ್ಜಿ, ನೀ ಫ್ಯಾಕ್ಟರಿಯೊಳಗ ಖರೇ ಏನ್ ಮಾಡ್ತಿದ್ದಿ?” ನಾನು “ಏನಿಲ್ಲವಾ, ಚಿಪ್ ತುಂಬತಿದ್ದೆ” ಎಂದು ಹೇಳಿ ಸಾರು ತರಲು ಒಳಗೆ ಹೋದೆ. ಒಲೆಯ ಮುಂದೆ ನಿಂತಾಗ ನನಗೇ ನಗು ಬಂತು. ಇಡೀ ಜೀವಮಾನದ ಕೆಲಸವನ್ನು ಒಂದು ಮಾತಿನಲ್ಲಿ ಮುಗಿಸಿ ಬಂದಿದ್ದೆ. ಎದುರಿಗೆ ಕೂತವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಮೊದಲಿನಿಂದಲೂ ಹಾಗೆಯೇ. ಸಂಜನಾ ಬರುವ ತಿಂಗಳು ಅಂಥದೇ ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗಕ್ಕೆ ಸೇರುತ್ತಿದ್ದಾಳೆ. ಅವಳ ತಮ್ಮ ವಿನಾಯಕನಿಗೂ ಆ ಕಡೆಯೇ ಮನಸ್ಸು. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಶಾಲೆಯಲ್ಲಿ ಕನ್ನಡ ಇರಲಿಲ್ಲ, ನಾನು ಮನೆಯಲ್ಲಿ ಹಟ ಹಿಡಿದು ಕಲಿಸಿದೆ. ಆಗ ಇಬ್ಬರೂ ಎಷ್ಟು ಗೊಣಗಿದಿರಿ! ಈಗ ಉಪಯೋಗಕ್ಕೆ ಬಂತು ನೋಡಿ.

ನಾನು ಓದಿದ್ದು ನವಲಗುಂದದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ. ಹತ್ತನೆಯ ತರಗತಿ ಮುಗಿದ ಮೇಲೆ ನಮ್ಮ ಗಣಿತದ ಮಾಸ್ತರರು ಅಪ್ಪನನ್ನು ಒಪ್ಪಿಸಿ ಧಾರವಾಡದ ಐಟಿಐಗೆ ಹಾಕಿಸಿದರು. ಎಲೆಕ್ಟ್ರಾನಿಕ್ಸ್ ಎಂದರೆ ಏನೆಂದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ನಿಮ್ಮ ಅಜ್ಜನ ಜೊತೆ ಮಡಗಾಂವಿಗೆ ಬಂದೆ. ಅವರು ಮಾರ್ಕೆಟ್ಟಿನಲ್ಲಿ ಬೆಳಗಾವಿಯವರೊಬ್ಬರ ಹಾರ್ಡ್‌ವೇರ್ ಅಂಗಡಿಯಲ್ಲಿದ್ದರು. ಮೋತಿ ಡೊಂಗರ್ ಎಂಬ ಗುಡ್ಡದ ಮೇಲೆ ಒಂದು ಕೋಣೆ. ಅಂಗಡಿಗೆ ಸಾಮಾನು ಕೊಳ್ಳಲು ಬರುತ್ತಿದ್ದ ಒಂದು ಕಂಪನಿಯವರಿಗೆ ಅವರೇ ನನ್ನ ವಿಷಯ ಹೇಳಿದರು. ಪಂಪು, ಐಸ್ ಪ್ಲಾಂಟು, ಲಾರಿ ತೂಗುವ ಕಾಟಾ, ಭಾರ ಎತ್ತುವ ಹಾಯಿಸ್ಟು ಇಂಥ ಯಂತ್ರಗಳನ್ನು ನಡೆಸುವ ಕಂಟ್ರೋಲ್ ಪೆಟ್ಟಿಗೆಗಳನ್ನು ಮಾಡುವ ಸಣ್ಣ ಕಂಪನಿ ಅದು. ಸೇರಿದವಳು ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ನನ್ನ ಕೆಲಸ ಏನೆಂದು ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಕೆಟ್ಟ ಟಿವಿ, ಸುಟ್ಟ ಮಿಕ್ಸರ್ ಹೊತ್ತುಕೊಂಡು ಮನೆಗೆ ಬರುತ್ತಿದ್ದರು. ಇಲ್ಲ ಎನ್ನಲು ನನಗೆ ಸಂಕೋಚ. ನಿಮ್ಮ ಅಜ್ಜ ಬಾಗಿಲಲ್ಲೇ ನಿಂತು ಹೇಳುತ್ತಿದ್ದರು: “ಇಲ್ರಿ, ನಮ್ಮಾಕಿ ಟಿವಿ ಮುಟ್ಟಂಗಿಲ್ಲ. ಆಕಿ ಮಾಡೂದು ಕಣ್ಣಿಗೆ ಕಾಣಂಗಿಲ್ಲ.” ಬಂದವರು ನನ್ನನ್ನು ಮಾಟಗಾತಿಯ ಹಾಗೆ ನೋಡುತ್ತ ಇಳಿದು ಹೋಗುತ್ತಿದ್ದರು.

ಮೊದಲು ಬೆಸುಗೆಯ ಸಾಲಿನಲ್ಲಿ ಕೂತೆ. ಅಲ್ಲಿನ ಮೇಲ್ವಿಚಾರಕಿ ಮಾರಿಯಾಬಾಯ್. ಅವರು ಒಂದೊಂದು ಬೆಸುಗೆಯನ್ನೂ ಚಿಮಟದಿಂದ ಹಿಡಿದು ಎಳೆದು ನೋಡುವರು. ಕಿತ್ತು ಬಂದರೆ ಏನೂ ಅನ್ನದೆ ನಮ್ಮ ಅಂಗೈ ಮೇಲೆ ಇಟ್ಟು ಹೋಗುವರು. ಬೈದಿದ್ದರೆ ಬೇಗ ಮರೆಯುತ್ತಿದ್ದೆ. ಆ ಅಂಗೈ ಮೇಲಿನ ತುಂಡು ಈಗಲೂ ನೆನಪಿದೆ.

ಆಮೇಲೆ ನನ್ನನ್ನು ಚಿಪ್ ತುಂಬುವ ಬೆಂಚಿಗೆ ಹಾಕಿದರು. ಚಿಪ್ ಎಂದರೆ ಯಂತ್ರದ ತಲೆ. ಅದರೊಳಗೆ ಏನು ಮಾಡಬೇಕು ಎಂಬ ಪ್ರೋಗ್ರಾಂ ತುಂಬುವುದು ನನ್ನ ಕೆಲಸ. ಆಗಿನ ಚಿಪ್‌ಗಳಿಗೆ ನೆತ್ತಿಯ ಮೇಲೆ ಗಾಜಿನ ಸಣ್ಣ ಕಿಟಕಿ ಇರುತ್ತಿತ್ತು. ಅದರ ಮೇಲೆ ನೇರಳೆ ದೀಪ ಬಿಟ್ಟರೆ ಒಳಗಿನದೆಲ್ಲ ಅಳಿಸಿ ಹೋಗುವುದು, ಮತ್ತೆ ತುಂಬಬಹುದು. ತುಂಬಿದ ಮೇಲೆ ಕಿಟಕಿಗೆ ಕಾಗದದ ಚೀಟಿ ಅಂಟಿಸಲೇಬೇಕು, ಯಾಕೆಂದರೆ ಬಿಸಿಲೂ ಅದನ್ನು ನಿಧಾನವಾಗಿ ಅಳಿಸುತ್ತದೆ.

ಅದಕ್ಕೆ ಸಂಬಂಧಿಸಿದ ಒಂದು ಕೇಸು ಸಾಂಗೆ ಎಂಬ ಊರಿನದು. ಆಗ ಗಣಿಗಳು ನಡೆಯುತ್ತಿದ್ದವು. ಅಲ್ಲಿನ ಲಾರಿ ಕಾಟಾಕ್ಕೆ ನಮ್ಮ ಪೆಟ್ಟಿಗೆ ಕೊಟ್ಟಿದ್ದೆವು. ಖಾಲಿ ಲಾರಿ ನಿಂತರೂ ತುಂಬಿದ ಲಾರಿಯ ತೂಕ ತೋರಿಸುತ್ತದೆ ಎಂದು ದೂರು ಬಂತು. ನಮ್ಮ ಮುಖ್ಯ ಎಂಜಿನಿಯರ್ ನಾಯ್ಕ ಸರ್ ನನ್ನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದರು. ಅವರು ಕಾರವಾರದವರು, ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಹೋಗಿ ನೋಡಿದರೆ ಪೆಟ್ಟಿಗೆಗೆ ಬಾಗಿಲೇ ಇಲ್ಲ! ಕಾವಲುಗಾರ ಅದನ್ನು ಬಿಚ್ಚಿ ತನ್ನ ಕೋಳಿಗೂಡಿಗೆ ಹಾಕಿಕೊಂಡಿದ್ದ. ಮಳೆಗಾಲದ ತೇವಕ್ಕೆ ಚೀಟಿ ಉದುರಿತ್ತು. ಆಮೇಲೆ ವಾರಗಟ್ಟಲೆ ಸಂಜೆಯ ಬಿಸಿಲು ನೇರವಾಗಿ ಚಿಪ್ ಮೇಲೆ ಬಿದ್ದಿತ್ತು.

“ಅಗೋ, ನೀಲಾಬಾಯ್,” ಎಂದರು ನಾಯ್ಕ ಸರ್, “ನಮ್ಮ ಪ್ರೋಗ್ರಾಂ ಸೂರ್ಯ ತಿಂದ, ಬಾಗಿಲು ಕೋಳಿಗೆ ಹೋಯ್ತು. ರಿಪೋರ್ಟಿನಲ್ಲಿ ಏನು ಬರೆಯುವುದು?”

ಕಾವಲುಗಾರ ಬಾಗಿಲು ವಾಪಸು ಕೊಟ್ಟ, ಜೊತೆಗೆ ಮೊಟ್ಟೆಗಳನ್ನೂ ಕೊಟ್ಟ. ನಾನು ಬೇಡವೆಂದೆ. ಸರ್ ತೆಗೆದುಕೊಂಡರು.

ಅವತ್ತು ವಾಪಸು ಬರುವಾಗ ಸರ್ ಒಂದು ಮಾತು ಕೇಳಿದರು: “ಆ ಚಿಪ್‌ನಲ್ಲಿ ಉಳಿದ ಅಂಕಿಗಳನ್ನು ನೋಡಿ ಎಷ್ಟು ಅಳಿಸಿದೆ ಅಂತ ಹೇಳುವುದಕ್ಕೆ ಆಗುತ್ತದೆಯಾ ನಿನಗೆ?” ನಾನು ದಿನವೂ ಆ ಅಂಕಿಗಳನ್ನೇ ಪರದೆಯ ಮೇಲೆ ನೋಡುತ್ತಿದ್ದೆ, ಅರ್ಥ ಮಾತ್ರ ಗೊತ್ತಿರಲಿಲ್ಲ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮರುದಿನದಿಂದ ಊಟದ ಬಿಡುವಿನಲ್ಲಿ ಸರ್ ಕಲಿಸತೊಡಗಿದರು. ಯಾವ ಅಂಕಿ ‘ಇದನ್ನು ಅಲ್ಲಿಗೆ ಒಯ್ಯಿ’ ಎನ್ನುತ್ತದೆ, ಯಾವುದು ‘ಅಲ್ಲಿಗೆ ಜಿಗಿ’ ಎನ್ನುತ್ತದೆ ಎಂದು ಒಂದೊಂದಾಗಿ. ವರ್ಷಗಳು ಹಿಡಿದವು. ಸರ್ ಬಹಳ ತಾಳ್ಮೆಯ ಮನುಷ್ಯ. ಊಟ ಮಾತ್ರ ತಾಳ್ಮೆಯಿಂದ ಮಾಡುತ್ತಿರಲಿಲ್ಲ. ಮೀನಿನ ಮುಳ್ಳು ತೆಗೆಯುತ್ತಲೇ ಪಾಠ ಹೇಳುತ್ತಿದ್ದರು.

ನಂತರ ಕೆಲಸದ ರೀತಿಯೇ ಬದಲಾಯಿತು. ಮೊದಲು ಎಂಜಿನಿಯರುಗಳು ಚಿಪ್‌ನ ಅಂಕಿಗಳ ಮಟ್ಟದಲ್ಲೇ ಬರೆಯುತ್ತಿದ್ದರು. ಆಮೇಲೆ ಮನುಷ್ಯರು ಓದಬಹುದಾದ ಭಾಷೆಯಲ್ಲಿ ಬರೆಯುವುದು ಬಂತು. ಹಾಗೆ ಬರೆದದ್ದನ್ನು ಚಿಪ್‌ಗೆ ತಿಳಿಯುವ ಅಂಕಿಗಳನ್ನಾಗಿ ಮಾಡಿಕೊಡುವುದು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ. ಅದಕ್ಕೆ ನಾವು ಹೇಗೆ ಮಾಡಬೇಕೆಂದು ಹೇಳಬಹುದು: ಬರೆದದ್ದನ್ನು ಬರೆದ ಹಾಗೆಯೇ ಮಾಡು, ಇಲ್ಲವೆ, ವೇಗವಾಗಿ ಓಡುವ ಹಾಗೆ ಮಾಡು, ಇಲ್ಲವೆ, ಕಡಿಮೆ ಜಾಗದಲ್ಲಿ ಹಿಡಿಸುವ ಹಾಗೆ ಮಾಡು. ಆಪ್ಟಿಮೈಸೇಶನ್ ಎಂದರೆ ಇದೇ. ಬೆಂಚಿನಲ್ಲಿ ನಾವು ಇವುಗಳನ್ನು ‘ಸೊನ್ನೆ’, ‘ವೇಗದ್ದು’, ‘ಸಣ್ಣದ್ದು’ ಎಂದು ಕರೆಯುತ್ತಿದ್ದೆವು.

ನಿಮಗೆ ಹೀಗೆ ಹೇಳಿದರೆ ತಿಳಿದೀತು. ಜೋಳದ ಹಿಟ್ಟು ಒಂದೇ. ಒಬ್ಬಳು ಕೈಯಿಂದ ಬಡಿಯುತ್ತಾಳೆ, ಇನ್ನೊಬ್ಬಳು ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾಳೆ. ತಿನ್ನುವವರಿಗೆ ಎರಡೂ ರೊಟ್ಟಿಯೇ. ಆದರೆ ನನ್ನ ಮುಂದೆ ಇಟ್ಟರೆ ಯಾವುದು ಹೇಗೆ ಆಯಿತೆಂದು ಹೇಳುತ್ತೇನೆ: ಬಡಿದದ್ದರ ಅಂಚಿನಲ್ಲಿ ಬೆರಳಿನ ಗುರುತು ಇರುತ್ತದೆ. ಕಂಪೈಲರ್ ಮಾಡಿದ ಅಂಕಿಗಳಲ್ಲೂ ಅಂಥ ಗುರುತು ಇರುತ್ತದೆ. ಮೊದಲಿಗೆ ಇದು ನಮಗೆ ಒಂದು ಆಟದ ಹಾಗಿತ್ತು. ಸರ್ ಒಂದು ಪ್ರೋಗ್ರಾಮನ್ನು ತಮಗೆ ಬೇಕಾದ ಹಾಗೆ ಮಾಡಿಸಿ ನನ್ನ ಪರದೆಯ ಮೇಲೆ ಹಾಕುವರು. ನಾನು ಸೊನ್ನೆಯೋ ವೇಗದ್ದೋ ಸಣ್ಣದ್ದೋ ಹೇಳಬೇಕು. ಎಷ್ಟೋ ಸಲ ತಪ್ಪು ಹೇಳುತ್ತಿದ್ದೆ. “ಬರೆಂ, ಆಯ್ತು, ನಾಳೆ ನೋಡೋಣ” ಎಂದು ಅವರು ಊಟದ ಡಬ್ಬಿ ಮುಚ್ಚುವರು. ಆ ಆಟ ಒಬ್ಬ ಮನುಷ್ಯನ ಅನ್ನಕ್ಕೆ ಸಂಬಂಧಿಸಿದ್ದಾಗುತ್ತದೆ ಎಂದು ಆಗ ತಿಳಿದಿರಲಿಲ್ಲ.

ಆ ಮನುಷ್ಯ ಯಲ್ಲಪ್ಪ. ನಿಮಗೆ ಗೊತ್ತಿರುವ ಯಲ್ಲಪ್ಪಮಾಮನೇ. ನಿಮ್ಮ ಅಜ್ಜ ತೀರಿಕೊಂಡಾಗ ಮೊದಲು ಓಡಿ ಬಂದವನು. ಮಡಗಾಂವಿನ ಹೊರಗೆ ಗ್ರಾನೈಟ್ ಕಲ್ಲಿನ ಹಾಸುಗಳನ್ನು ಮಾರುವ ಒಂದು ಯಾರ್ಡು. ಅಲ್ಲಿ ಹಾಸುಗಳನ್ನು ಎತ್ತಿ ಇಳಿಸುವ ಹಾಯಿಸ್ಟನ್ನು ನಡೆಸುವುದು ಅವನ ಕೆಲಸ. ಅದರ ಪೆಟ್ಟಿಗೆ ನಮ್ಮದೇ. ಒಂದು ಸಂಜೆ ಮನೆಯ ಮೆಟ್ಟಿಲಲ್ಲಿ ಕೂತು ಹೇಳಿದ:

“ಅಕ್ಕಾರ, ನಿಮ್ಮ ಡಬ್ಬಿ ಮ್ಯಾಲೆ ಇಂಗ್ಲಿಷಿನ್ಯಾಗ ಏನೇನೋ ಬರ್ತತ್ರಿ. ನಾ ಅದರ ಮಾರಿ ನೋಡ್ಕೋತ ನಿಂದರ್ತೇನಿ. ನಮ್ಮ ಭಾಷಾದಾಗ ಬರಂಗಿಲ್ಲೇನ್ರಿ?”

ನಾನು ಸರ್‌ಗೆ ಹೇಳಿದೆ. ಅವರು ಕೂಡಲೇ ಒಪ್ಪಿದರು. ಹೇಗೂ ಆ ಯಾರ್ಡಿಗೆ ಹೊಸ ಪೆಟ್ಟಿಗೆ ಹೋಗುವುದಿತ್ತು. ಕೆಲಸ ಪ್ರದೀಪ ಎಂಬ ಎಂಜಿನಿಯರಿಗೆ ಬಂತು. ಹುಬ್ಬಳ್ಳಿಯ ಹುಡುಗ, ಚುರುಕು, ಒಳ್ಳೆಯವನು. ಆ ಪರದೆಗೆ ಕನ್ನಡ ಗೊತ್ತಿಲ್ಲವಲ್ಲ, ಅದಕ್ಕೆ ಒಂದೊಂದು ಅಕ್ಷರವನ್ನೂ ಚುಕ್ಕಿಗಳಲ್ಲಿ ಬಿಡಿಸಿ ಕೊಡಬೇಕು. ಚೌಕುಳಿ ಕಾಗದದ ಮೇಲೆ ನಾನು ಬಿಡಿಸಿದೆ. ರಂಗೋಲಿ ಹಾಕುವವರಿಗೆ ಅದೇನು ಕಷ್ಟವಲ್ಲ. ‘ಏರಿಸು’, ‘ಇಳಿಸು’, ‘ಭಾರ ಹೆಚ್ಚು’. ಕಾಯಬೇಕಾದ ಕಡೆಗೆ ಪ್ರದೀಪ ‘ನಿರೀಕ್ಷಿಸಿ’ ಎಂದು ಬರೆದು ತಂದ.

“ಬ್ಯಾಡೋ ತಮ್ಮಾ,” ಎಂದೆ. “‘ನಿರೀಕ್ಷಿಸಿ’ ಅಂದ್ರ ಯಲ್ಲಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ ನಿಂದರ್ತಾನ. ‘ತಡೀರಿ’ ಅಂತ ಹಾಕು.”

ಅವನು ನಕ್ಕು ಹಾಗೆಯೇ ಹಾಕಿದ.

ಆ ‘ತಡೀರಿ’ ಯಾವಾಗ ಬರಬೇಕು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಗಾಳಿಯಲ್ಲಿ ತೂಗುವ ಕಲ್ಲನ್ನು ಹಿಡಿದಿರುವುದು ಬ್ರೇಕು. ಅದನ್ನು ಮತ್ತೆ ಮೇಲಕ್ಕೆ ಎತ್ತಬೇಕಾದರೆ ಮೊದಲು ಮೋಟಾರಿಗೆ ಕರೆಂಟು ಕೊಡಬೇಕು, ಅದು ಬಿಗಿ ಹಿಡಿಯುವವರೆಗೆ ಸ್ವಲ್ಪ ಹೊತ್ತು ತಡೆಯಬೇಕು, ಆಮೇಲೆ ಬ್ರೇಕು ಬಿಡಬೇಕು. ನೀರಿನ ಕೊಡವನ್ನು ಒಬ್ಬರಿಂದ ಒಬ್ಬರು ತೆಗೆದುಕೊಳ್ಳುವ ಹಾಗೆ. ನಾನು ಹಿಡಿದ ಮೇಲೆ ನೀವು ಬಿಡಬೇಕು. ಇಬ್ಬರ ಲೆಕ್ಕ ತಪ್ಪಿದರೆ ಕೊಡ ಜಾರುತ್ತದೆ. ಆ ನಡುವಿನ ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲೆ ‘ತಡೀರಿ’ ಕಾಣಬೇಕು.

ಬೆಂಚಿನ ಮೇಲೆ ಎಲ್ಲ ಚೆನ್ನಾಗಿ ನಡೆಯಿತು. ಯಲ್ಲಪ್ಪನನ್ನೇ ಕರೆಸಿ ತೋರಿಸಿದೆವು. ಗುಂಡಿ ಒತ್ತಿದ, ‘ತಡೀರಿ’ ಬಂತು, ಹೋಯಿತು, ಮೋಟಾರು ತಿರುಗಿತು. “ಏ, ಇದು ನಮ್ಮ ಅತ್ತಿಗಿಂತ ಮರ್ಯಾದಿಲೆ ಮಾತಾಡ್ತತಿ!” ಎಂದು ಕುಣಿದ. ಆ ವಾರವೇ ಪ್ರದೀಪನಿಗೆ ಪುಣೆಯಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಪೆಟ್ಟಿಗೆ ಮುಗಿಸಿಕೊಟ್ಟು ಹೊರಟು ಹೋದ. ಪೆಟ್ಟಿಗೆ ಯಾರ್ಡಿಗೆ ಹೋಯಿತು.

ಮಳೆ ಹಿಡಿಯುವ ಮುಂಚೆ ಒಂದು ದಿನ ಸುದ್ದಿ ಬಂತು. ಭಾರಿ ಹಾಸೊಂದನ್ನು ಎತ್ತಿ, ನಡುವೆ ನಿಲ್ಲಿಸಿ, ಮತ್ತೆ ಎತ್ತುವಾಗ ಅದು ಸರ್ರನೆ ಕೆಳಗೆ ಜಾರಿ ಓರೆಯಾಗಿ ಬಿದ್ದಿತ್ತು. ಕೆಳಗಿದ್ದ ಕೆಲಸಗಾರನ ಕಾಲು ಸಿಕ್ಕಿ ಮೂಳೆ ಮುರಿದಿತ್ತು. ಪೆಟ್ಟಿಗೆಗೂ ಏಟು ಬಿದ್ದು ಒಂದು ಬದಿ ಜಜ್ಜಿ ಹೋಗಿತ್ತು. ಯಲ್ಲಪ್ಪ ಕುಡಿದು ‘ಇಳಿಸು’ ಗುಂಡಿ ಒತ್ತಿದ ಎಂದು ಯಾರ್ಡಿನ ಮಾಲೀಕರು ಅವನನ್ನು ಕೆಲಸದಿಂದ ತೆಗೆದರು.

ಅವನ ಹೆಂಡತಿ ಶಾಂತವ್ವ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

“ಅಕ್ಕಾರ, ನನ್ನ ಗಂಡ ಕುಡಿತಾನ. ನಾ ಸುಳ್ಳ ಹೇಳಂಗಿಲ್ಲ. ಆದ್ರ ಕೆಲಸದ ಹೊತ್ತಿನ್ಯಾಗ ಮುಟ್ಟಂಗಿಲ್ರಿ. ಕಾಲು ಮುರಕೊಂಡಾಂವ ನಮ್ಮ ಓಣಿಯಾಂವನ. ಅವನ ಹೇಂತಿ ನಳದ ಕಡೆ ನನ್ನ ಮಾರಿ ನೋಡವಲ್ಲಳು. ನೀರ ತರಾಕ ಹೋಗೂದ ಬಿಟ್ಟೇನ್ರಿ.”

ಹಿಂದೆ ನಿಂತಿದ್ದ ಯಲ್ಲಪ್ಪ ಮೆಲ್ಲಗೆ ಹೇಳಿದ: “ನಾ ಏರಿಸೂ ಗುಂಡಿನ ಒತ್ತೇನ್ರಿ. ಅದು ‘ತಡೀರಿ’ ಅನ್ನಲೇ ಇಲ್ರಿ. ಹೊಸಾ ಡಬ್ಬಿ ಹಾಕಿದಾಗಿಂದ ಒಂದ್ ದಿನಾನೂ ಅಂದಿಲ್ಲ. ಕಲ್ಲು ಏರತಿತ್ತಲ್ಲ, ಅದಕ್ಕ ನಾನೂ ಸುಮ್ನಿದ್ದೆ. ಮಾಲೀಕರ ಮುಂದನೂ ಹೇಳಿದೆ. ಅವರು ನಕ್ಕರು.”

ನಾನು ಅವರಿಬ್ಬರಿಗೂ ಚಹಾ ಕೊಟ್ಟೆ. ಮರುದಿನ ಕೆಲಸಕ್ಕೆ ಹೋದವಳೇ ಸರ್‌ಗೆ ಅವನ ಮಾತನ್ನು ಇದ್ದ ಹಾಗೇ ಹೇಳಿದೆ.

ಸರ್ ಬೆಂಚಿನ ಮೇಲಿದ್ದ ಮಾದರಿಯನ್ನು ನಡೆಸಿ ನೋಡಿದರು. ‘ತಡೀರಿ’ ಸರಿಯಾಗಿ ಬಂತು. ಪುಣೆಗೆ ಫೋನು ಮಾಡಿದರು. ಪ್ರದೀಪ, “ನಾನು ಯಾವಾಗಲೂ ಸೊನ್ನೆಯಲ್ಲೇ ಮಾಡೋದು ಸರ್, ಬರೆದಿದ್ದು ಬರೆದ ಹಾಗೆ. ಚೆನ್ನಾಗಿ ನೆನಪಿದೆ,” ಎಂದ. ಅವನು ಬಳಸಿದ್ದ ಕಂಪ್ಯೂಟರನ್ನು ಆಗಲೇ ಅಳಿಸಿ ಬೇರೆಯವರಿಗೆ ಕೊಟ್ಟಾಗಿತ್ತು. ಅವನು ಬರೆದ ಮೂಲ ಪ್ರೋಗ್ರಾಂ ಉಳಿದಿತ್ತು, ಅದನ್ನು ಹೇಗೆ ಕಂಪೈಲ್ ಮಾಡಿದ ಎಂಬುದು ಉಳಿದಿರಲಿಲ್ಲ.

“ನೀಲಾಬಾಯ್, ಬೆಂಚನ್ನು ಕೇಳಿ ಆಗುವುದಿಲ್ಲ,” ಎಂದರು ಸರ್. “ಯಾರ್ಡಿನ ಚಿಪ್ಪನ್ನೇ ಕೇಳಬೇಕು.”

ಜಜ್ಜಿದ ಪೆಟ್ಟಿಗೆಯನ್ನು ತಂದೆವು. ಚಿಪ್ ತೆಗೆದು ಬೇರೆ ಬೋರ್ಡಿಗೆ ಹಾಕಿ ನಡೆಸಿದೆವು. ಯಲ್ಲಪ್ಪ ಹೇಳಿದ್ದು ಖರೆ: ‘ತಡೀರಿ’ ಬರಲಿಲ್ಲ, ಮೋಟಾರಿಗೆ ಕರೆಂಟು ಹೋದ ಕ್ಷಣವೇ ಬ್ರೇಕೂ ಬಿಟ್ಟಿತು. ನಾನು ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಆದರೆ ನಮ್ಮ ಕಂಪನಿಯ ಮಾಲೀಕರು ಬಂದು ನೋಡಿ ಒಂದು ಪ್ರಶ್ನೆ ಕೇಳಿದರು: “ಕಲ್ಲಿನ ಏಟಿಗೆ ಚಿಪ್ ಕೆಟ್ಟಿರಬಹುದಲ್ಲ? ಕೆಟ್ಟ ಮೇಲೆ ಅದು ಏನು ಬೇಕಾದರೂ ಮಾಡೀತು. ಏಟು ಬೀಳುವ ಮೊದಲು ಹೇಗಿತ್ತು ಅಂತ ಯಾರಿಗೆ ಗೊತ್ತು?”

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಗದಿದ್ದರೆ ತಪ್ಪು ಯಲ್ಲಪ್ಪನ ತಲೆಯ ಮೇಲೇ ಉಳಿಯುತ್ತಿತ್ತು. ಸರ್ ಯೋಚಿಸಿ ಹೇಳಿದರು: “ಒಂದೇ ದಾರಿ. ಇದನ್ನು ಹೇಗೆ ಕಂಪೈಲ್ ಮಾಡಿದ ಅಂತ ಹುಡುಕೋಣ. ಮೂಲವನ್ನು ಹಾಗೆಯೇ ಮತ್ತೆ ಮಾಡಿದಾಗ ಅಂಕಿಗೆ ಅಂಕಿ ಹೊಂದಿದರೆ, ಚಿಪ್ ಕೆಟ್ಟಿಲ್ಲ. ಅದು ಹೊರಗೆ ಹೋದಾಗಲೇ ಹೀಗಿತ್ತು.”

ಚಿಪ್‌ನೊಳಗಿನದನ್ನು ಪೂರ್ತಿ ಓದಿ ಪರದೆಯ ಮೇಲೆ ಹಾಕಿಕೊಂಡೆ. ಮೊದಲು ನನ್ನ ಅಕ್ಷರಗಳನ್ನು ಹುಡುಕಿದೆ. ತ, ಡೀ, ರಿ. ಚುಕ್ಕಿಗೆ ಚುಕ್ಕಿ ಹಾಗೆಯೇ ಇದ್ದವು. ಪರವೂರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದಷ್ಟು ಸಂತೋಷವಾಯಿತು. ಆದರೆ ಅವುಗಳ ಸುತ್ತಲಿನ ಅಂಕಿಗಳು ಬೆಂಚಿನ ಪ್ರೋಗ್ರಾಮನ್ನು ಸ್ವಲ್ಪವೂ ಹೋಲಲಿಲ್ಲ. ಇದು ಬಹಳ ಚಿಕ್ಕದಿತ್ತು.

“ಚಿಕ್ಕದಿದೆ ಸರ್, ಅಂದ್ರ ಸಣ್ಣದ್ದರಾಗ ಮಾಡ್ಯಾನ,” ಎಂದೆ.

“ಅವಸರ ಬೇಡ,” ಎಂದರು. “ವೇಗದ್ದೂ ಕೆಲವು ಸಲ ಚಿಕ್ಕದಾಗುತ್ತದೆ. ಗುರುತು ನೋಡು.”

ನೋಡಿದೆವು. ಸೊನ್ನೆಯಲ್ಲಿ ಮಾಡಿದ್ದಾದರೆ ಪ್ರೋಗ್ರಾಮಿನ ಪ್ರತಿಯೊಂದು ಭಾಗದ ಬಾಗಿಲಲ್ಲೂ ಕೈಯಲ್ಲಿದ್ದದ್ದನ್ನೆಲ್ಲ ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಒಳಗೆ ಹೋಗುತ್ತದೆ. ಮಡಿ ಜಾಸ್ತಿ ಇರುವ ಮುದುಕಿಯರ ಹಾಗೆ. ಇಲ್ಲಿ ಅದು ಇರಲಿಲ್ಲ. ಹಾಗಾದರೆ ಸೊನ್ನೆಯಲ್ಲ. ವೇಗದ್ದಾಗಿದ್ದರೆ, ಪದೇ ಪದೇ ಬೇಕಾಗುವ ಸಣ್ಣ ತುಂಡನ್ನು ಹೋಗಿ ಬರುವ ಹೊತ್ತು ಉಳಿಸಲು ಬೇಕಾದಲ್ಲೆಲ್ಲ ನಕಲು ಮಾಡಿ ಇಡುತ್ತದೆ. ಅಕ್ಷರ ಬರೆಯುವ ತುಂಡನ್ನು ಹುಡುಕಿದೆ. ಅದು ಒಂದೇ ಕಡೆ ಇತ್ತು, ಎಲ್ಲರೂ ಅಲ್ಲಿಗೇ ಹೋಗಿ ಬರುತ್ತಿದ್ದರು, ನಮ್ಮ ಓಣಿಯ ನಳದ ಹಾಗೆ. ಹಾಗಾದರೆ ವೇಗದ್ದೂ ಅಲ್ಲ. ಸಣ್ಣದ್ದು.

ಮೂಲ ಪ್ರೋಗ್ರಾಮನ್ನು ಸಣ್ಣದ್ದರಲ್ಲಿ ಕಂಪೈಲ್ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಹೊಂದಲಿಲ್ಲ. ಆರಂಭದಲ್ಲೇ ಬೇರೆಯಾಗಿ ಹೋಯಿತು. ಉಳಿದ ರೀತಿಗಳನ್ನೆಲ್ಲ ಮಾಡಿ ನೋಡಿದೆ. ಯಾವುದೂ ಹೊಂದಲಿಲ್ಲ. ಮನೆಗೆ ಹೋಗುವಾಗ ಯಲ್ಲಪ್ಪನ ಮನೆಯ ಮುಂದಿನ ದಾರಿ ಬಿಟ್ಟು ಸುತ್ತಿ ಹೋದೆ. ಶಾಂತವ್ವ ಕೇಳಿದರೆ ಏನು ಹೇಳುವುದು?

ಮರುದಿನ ಸರ್ ಮುಂದೆ ಹೇಳಿದೆ: “ಆಗವಲ್ದು ಸರ್. ಚಿಪ್ ಕೆಟ್ಟಿದ್ದ ಖರೆ ಇರಬೇಕು.”

ಸರ್ ಡಬ್ಬಿ ಬಿಚ್ಚುತ್ತ ಕೇಳಿದರು: “ನಿನ್ನ ರೊಟ್ಟಿಯ ಲೆಕ್ಕ ಹೇಳು ನೋಡೋಣ. ಹಿಟ್ಟು ಅದೇ. ಬಡಿದ ರೀತಿ ಅದೇ. ಮತ್ತೆ ರೊಟ್ಟಿ ಬೇರೆ ಯಾಕೆ ಆಯಿತು?”

ನಾನು ಯೋಚಿಸಿದೆ. “ಹಂಚು ಬ್ಯಾರೆ ಇದ್ದರ ಆಗ್ತತಿ.”

ಇಬ್ಬರೂ ಒಮ್ಮೆಗೇ ಡಬ್ಬಿ ಮುಚ್ಚಿದೆವು. ಪ್ರದೀಪ ಹೋದ ಮೇಲೆ ನಮ್ಮಲ್ಲಿ ಹೊಸ ಕಂಪೈಲರ್ ಹಾಕಿದ್ದರು. ಹಳೆಯದರ ಸೀಡಿ ಸ್ಟೋರಿನಲ್ಲಿ, ಒಡೆದ ಕೀಬೋರ್ಡುಗಳ ಕೆಳಗೆ ಸಿಕ್ಕಿತು. ಸರ್ ತಮ್ಮ ಅಂಗಿಯಿಂದಲೇ ಒರೆಸಿದರು. ಹಾಕಿ, ಸಣ್ಣದ್ದರಲ್ಲಿ ಮಾಡಿ, ಪಕ್ಕಪಕ್ಕ ಇಟ್ಟೆವು. ಸಾಲಿಗೆ ಸಾಲು ಹೊಂದುತ್ತ ಹೋಯಿತು. ಕೊನೆಗೆ ಒಂದೇ ಒಂದು ಜಾಗ ಹೊಂದಲಿಲ್ಲ. ಸರ್ ಬಗ್ಗಿ ನೋಡಿ ದೊಡ್ಡದಾಗಿ ನಕ್ಕರು. ಪ್ರೋಗ್ರಾಂ ತಾನು ಯಾವ ದಿನ, ಎಷ್ಟು ಹೊತ್ತಿಗೆ ಕಂಪೈಲ್ ಆಯಿತೆಂದು ತನ್ನೊಳಗೆ ಬರೆದುಕೊಳ್ಳುವ ಜಾಗ ಅದು. ಅವತ್ತು ಬೇರೆ ದಿನ, ಇವತ್ತು ಬೇರೆ ದಿನ. ಅಷ್ಟೇ. ಚಿಪ್ ಒಂದು ಚುಕ್ಕಿಯಷ್ಟೂ ಕೆಟ್ಟಿರಲಿಲ್ಲ.

‘ತಡೀರಿ’ ಎಲ್ಲಿ ಹೋಯಿತು ಎಂಬುದೂ ಆಗ ಕಂಡಿತು. ಸ್ವಲ್ಪ ಹೊತ್ತು ತಡೆಯಲು ಪ್ರದೀಪ ಒಂದು ಹಳೆಯ ಉಪಾಯ ಮಾಡಿದ್ದ: ಸೊನ್ನೆಯಿಂದ ಒಂದು ದೊಡ್ಡ ಸಂಖ್ಯೆಯವರೆಗೆ ಸುಮ್ಮನೆ ಎಣಿಸು ಎಂದು ಬರೆದಿದ್ದ. ಕಣ್ಣಾಮುಚ್ಚಾಲೆಯಲ್ಲಿ ಎಣಿಸುವ ಹಾಗೆ. ಬರೆದದ್ದನ್ನು ಬರೆದ ಹಾಗೆ ಮಾಡು ಎಂದರೆ ಕಂಪೈಲರ್ ಎಣಿಸುತ್ತದೆ. ಜಾಗ ಉಳಿಸು ಎಂದರೆ ಅದು ನೋಡುತ್ತದೆ: ಈ ಎಣಿಕೆಯಿಂದ ಯಾರಿಗೂ ಏನೂ ಸಿಗುವುದಿಲ್ಲ, ಇದು ವ್ಯರ್ಥ. ತೆಗೆದು ಹಾಕುತ್ತದೆ. ‘ತಡೀರಿ’ ಎಂದು ಬರೆದ ಮರುಕ್ಷಣವೇ ಅಳಿಸಿ ಮುಂದೆ ಹೋಗಿತ್ತು. ಕಣ್ಣಿಗೆ ಹೇಗೆ ಕಂಡೀತು? ಹಗುರ ಕಲ್ಲುಗಳಿಗೆ ಮೋಟಾರು ಹೇಗೋ ತಾಳಿಕೊಂಡಿತ್ತು. ಭಾರಿ ಹಾಸು ಬಂದ ದಿನ ಕೊಡ ಜಾರಿತು.

ಪುಣೆಗೆ ಮತ್ತೆ ಫೋನು ಹೋಯಿತು. ಸರ್ ಕಂಡದ್ದನ್ನೆಲ್ಲ ಹೇಳಿದರು. ಆಮೇಲೆ ಪ್ರದೀಪ, “ಸರ್, ಈಗ ನೆನಪಾಯ್ತು,” ಎಂದ. ಬೆಂಚಿನ ಮೇಲಿದ್ದದ್ದು ದೊಡ್ಡ ಚಿಪ್. ಪೆಟ್ಟಿಗೆಗೆ ಹೋಗುವುದು ಚಿಕ್ಕ ಚಿಪ್. ಕನ್ನಡದ ಅಕ್ಷರಗಳು ಸೇರಿದ ಮೇಲೆ ಅದರಲ್ಲಿ ಜಾಗ ಸಾಲಲಿಲ್ಲ. ಹೊರಡುವ ಅವಸರದಲ್ಲಿ ಸಣ್ಣದ್ದಕ್ಕೆ ತಿರುಗಿಸಿ, ಹಿಡಿಸಿತಲ್ಲ ಎಂದು ಮುಚ್ಚಿ ಕೊಟ್ಟಿದ್ದ. ಪರದೆಯ ಮೇಲೆ ‘ಏರಿಸು’, ‘ಇಳಿಸು’ ಬಂದದ್ದನ್ನು ನೋಡಿದ್ದ, ಅಷ್ಟೇ. ಆ ಶನಿವಾರವೇ ಬಸ್ಸು ಹತ್ತಿ ಮಡಗಾಂವಿಗೆ ಬಂದ. ನೇರ ಆಸ್ಪತ್ರೆಗೆ ಹೋಗಿ ಕಾಲು ಮುರಿದುಕೊಂಡವನನ್ನು ಕಂಡು, ಆಮೇಲೆ ಕಂಪನಿಗೆ ಬಂದ.

ನಮ್ಮ ಮಾಲೀಕರಿಗೆ ಇದು ಸಿಹಿ ಸುದ್ದಿಯಲ್ಲ. “ಕನ್ನಡ ಬೇಕು ಅಂದಿದ್ದಕ್ಕೆ ಇಷ್ಟೆಲ್ಲ ಆಯಿತು. ಅದನ್ನೇ ತೆಗೆದುಬಿಡಿ,” ಎಂದರು. ಸರ್ ಮಾತ್ರ ತಣ್ಣಗೆ ಹೇಳಿದರು: “ಅಕ್ಷರ ಏನೂ ಮಾಡಿಲ್ಲ. ಅದು ಕಾಣಲಿಲ್ಲ ಅಂತ ಹೇಳಿದ್ದರಿಂದಲೇ ನಮಗೆ ತಪ್ಪು ಸಿಕ್ಕಿತು. ಇಂಗ್ಲಿಷಿನಲ್ಲಿ ಇದ್ದಿದ್ದರೆ ಯಲ್ಲಪ್ಪನಿಗೆ ಕಾಣದೇ ಇರುವುದು ತಿಳಿಯುತ್ತಿತ್ತಾ?” ಮಾಲೀಕರು “ಯಾರ್ಡಿಗೆ ಹೋಗಿ ಹೇಳಿ ಬನ್ನಿ,” ಎಂದರು. ಆಸ್ಪತ್ರೆಯ ಖರ್ಚನ್ನೂ ಕಂಪನಿಯೇ ಹೊತ್ತಿತು. ಒಳ್ಳೆಯ ಮನುಷ್ಯ, ಮೊದಲ ಮಾತು ಮಾತ್ರ ಯಾವಾಗಲೂ ಒರಟು.

ಯಾರ್ಡಿನಲ್ಲಿ ಒಂದು ಕಲ್ಲುಹಾಸಿನ ಮೇಲೆ ಎರಡು ಬೋರ್ಡುಗಳನ್ನು ನಾನು ಜೋಡಿಸಿದೆ. ಒಂದರಲ್ಲಿ ಯಾರ್ಡಿನ ಚಿಪ್. ಇನ್ನೊಂದರಲ್ಲಿ ಬೆಂಚಿನ ದೊಡ್ಡ ಚಿಪ್, ಅದೇ ಪ್ರೋಗ್ರಾಂ, ಸೊನ್ನೆಯಲ್ಲಿ ಮಾಡಿದ್ದು. ಮೋಟಾರಿಗೆ ಒಂದು ಬಲ್ಬು, ಬ್ರೇಕು ಬಿಟ್ಟಾಗ ಹತ್ತುವ ಇನ್ನೊಂದು ಬಲ್ಬು. ಸರ್ ಯಾರ್ಡಿನ ಮಾಲೀಕರಿಗೆ ಕೊಂಕಣಿಯಲ್ಲಿ ವಿವರಿಸಿದರು. ಕೆಲಸಗಾರರೆಲ್ಲ ಸುತ್ತ ನಿಂತಿದ್ದರು. ಗುಂಡಿ ಒತ್ತಲು ಯಲ್ಲಪ್ಪನನ್ನೇ ಕರೆದರು. ಅವನು ಗುಂಡಿಯ ಕಡೆ ಕೈ ಒಯ್ದು ಮತ್ತೆ ಹಿಂದೆ ತೆಗೆದ.

“ಕುಡದ್ ಬಂದೀಯೇನೋ?” ಎಂದು ಹಿಂದಿನಿಂದ ಯಾರೋ ಕುಟುಕಿದರು.

ಮೊದಲ ಬೋರ್ಡು: ಎರಡು ಬಲ್ಬೂ ಒಟ್ಟಿಗೇ ಹತ್ತಿದವು. ಪರದೆಯ ಮೇಲೆ ಏನೂ ಇಲ್ಲ. ಎರಡನೆಯದು: ಮೋಟಾರಿನ ಬಲ್ಬು ಹತ್ತಿತು. ಪರದೆಯ ಮೇಲೆ ‘ತಡೀರಿ’ ಬಂದು ನಿಂತಿತು. ಆಮೇಲೆ ಬ್ರೇಕಿನ ಬಲ್ಬು.

“ಇದನ್ನ ನಾ ಹೇಳಿದ್ದು!” ಎಂದು ಯಲ್ಲಪ್ಪ ಕೂಗಿದ. “ಇದು ಅಂತತಿ, ಅದು ಅನ್ನಂಗಿಲ್ಲ! ಇದನ್ನ ಹೇಳಿದ್ದು ನಾ!”

ಯಾರ್ಡಿನ ಮಾಲೀಕರು ತಾವೇ ಬಂದು ಎರಡೂ ಗುಂಡಿಗಳನ್ನು ಮತ್ತೆ ಮತ್ತೆ ಒತ್ತಿ ನೋಡಿದರು. ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು: ಇದು ಕಲ್ಲು ಬೀಳುವ ಮೊದಲೇ ಹೀಗಿತ್ತೇ? ಅಷ್ಟು ಜನರ ಮುಂದೆ ಮಾತಾಡಿ ನನಗೆ ರೂಢಿಯಿಲ್ಲ. ಸರ್ ಉತ್ತರಿಸಲಿ ಎಂದು ನೋಡಿದೆ. ಅವರು ನನ್ನ ಕಡೆಗೇ ಕೈ ತೋರಿಸಿದರು. “ಹೌದ್ರಿ,” ಎಂದೆ ಕನ್ನಡದಲ್ಲೇ. “ನಮ್ಮ ಬೆಂಚಿನಿಂದನ ಹಿಂಗ ಬಂದೈತ್ರಿ. ಅವನ ತಪ್ಪಿಲ್ಲ.” ಯಾರೂ ಅವರಿಗೆ ಅನುವಾದ ಮಾಡಿ ಹೇಳಬೇಕಾಗಲಿಲ್ಲ.

ಅವರು ಯಲ್ಲಪ್ಪನ ಭುಜ ತಟ್ಟಿದರು. “ಫಾಲ್ಯಾಂ ಕಾಮಾಕ್ ಯೋ,” ಎಂದರು. ನಾಳೆ ಕೆಲಸಕ್ಕೆ ಬಾ ಎಂದು.

ಪ್ರದೀಪ ಎರಡು ದಿನ ನಮ್ಮಲ್ಲೇ ಕೂತು, ತಡೆಯುವ ಕೆಲಸವನ್ನು ಚಿಪ್‌ನೊಳಗಿನ ಗಡಿಯಾರಕ್ಕೆ ವಹಿಸಿ ಬರೆದ. ಅದನ್ನು ಯಾವ ಕಂಪೈಲರೂ ವ್ಯರ್ಥ ಎಂದು ತೆಗೆಯುವುದಿಲ್ಲ. ಹೇಗೆ ಕಂಪೈಲ್ ಆಯಿತೆಂಬುದನ್ನೂ ದಿನಾಂಕದ ಪಕ್ಕದಲ್ಲೇ ಬರೆದುಕೊಳ್ಳುವ ಹಾಗೆ ಮಾಡಿದೆವು. ಹೊರಗೆ ಹೋಗುವ ಚಿಪ್ಪನ್ನೇ ಪರೀಕ್ಷೆ ಮಾಡಬೇಕು, ಬೆಂಚಿನದನ್ನಲ್ಲ ಎಂಬುದು ಅಂದಿನಿಂದ ನಿಯಮವಾಯಿತು. ಸಂಜನಾ, ನೀನು ಸೇರುವ ಕಡೆ ಈ ನಿಯಮ ಇದೆಯೋ ಇಲ್ಲವೋ ಮೊದಲ ದಿನವೇ ಕೇಳು. ಕೇಳಲು ಸಂಕೋಚವಾದರೂ ಕೇಳು. ಯಂತ್ರದ ಮುಂದೆ ನಿಲ್ಲುವವನು ‘ಇದು ಮೊದಲಿನ ಹಾಗಿಲ್ಲ’ ಎಂದರೆ ಅವನ ಮಾತನ್ನು ಇದ್ದ ಹಾಗೇ ಕೇಳಿಸಿಕೋ. ಅವನಿಗೆ ಕಾರಣ ಗೊತ್ತಿರುವುದಿಲ್ಲ. ಕಾರಣ ಹುಡುಕುವುದು ನಿನ್ನ ಕೆಲಸ.

ಕಾಲು ಮುರಿದುಕೊಂಡವನು ಗುಣವಾಗಿ ಅದೇ ಯಾರ್ಡಿಗೆ ಮರಳಿದ. ಶಾಂತವ್ವ ಮತ್ತೆ ನಳಕ್ಕೆ ಹೋಗತೊಡಗಿದಳು. ಅಲ್ಲಿಂದ ಅವಳ ನಗು ನಮ್ಮ ಮನೆಯವರೆಗೂ ಕೇಳುತ್ತಿತ್ತು. ಯಾರ್ಡಿನಲ್ಲಿ ಎಲ್ಲರೂ ಈಗ ಅವಳ ಗಂಡನನ್ನು ‘ತಡೀರಿ ಯಲ್ಲಪ್ಪ’ ಎಂದೇ ಕರೆಯುತ್ತಾರೆ. ಪರದೆಯ ಮೇಲೆ ಆ ಮಾತು ಬಂದಾಗ ಕೆಳಗಿರುವವರಿಗೆಲ್ಲ ಕೇಳುವ ಹಾಗೆ ಅವನೂ ಅದನ್ನು ಕೂಗುತ್ತಾನಂತೆ.

ನನ್ನ ಕೆಲಸ ಮುಗಿದು ವರ್ಷಗಳಾದವು. ಬೆಳಿಗ್ಗೆ ಎದ್ದು ಬಸ್ಸು ಹಿಡಿಯುವುದಿಲ್ಲ, ಮೀನಿನ ವಾಸನೆಯ ಪಾಠಗಳಿಲ್ಲ. ಸಂಜೆ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತೇನೆ. ಯಲ್ಲಪ್ಪ ಕೆಲಸ ಮುಗಿಸಿ ಡೊಂಗರ್ ಹತ್ತಿ ಬರುವಾಗ ನಮ್ಮ ಬಾಗಿಲ ಮುಂದೆ ಒಂದು ಕ್ಷಣ ನಿಲ್ಲುತ್ತಾನೆ.

“ಇವತ್ತೂ ‘ತಡೀರಿ’ ಅಂತ್ರಿ ಅಕ್ಕಾರ,” ಎಂದು ಹೇಳಿ ಮುಂದೆ ಹೋಗುತ್ತಾನೆ.